ಮನಸ್ಸಿನ ಕಾಯಿಲೆಗೂ ರಜೆ ಉಂಟು

ಜ್ವರ ಬಂದರೆ ರಜೆ ಕೇಳಲು ನಮಗೆ ನಾಚಿಕೆ ಇಲ್ಲ. ಕೈ ಮುರಿದರೆ ಪಟ್ಟಿ ಕಟ್ಟಿಕೊಂಡು ಹೋಗಿ ತೋರಿಸುತ್ತೇವೆ. ಮನಸ್ಸು ನೊಂದರೆ ಏನು ತೋರಿಸುವುದು? ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ಬಹಳ ಮಂದಿ ಬಾಯಿ ಬಿಡುವುದಿಲ್ಲ.

ಒಬ್ಬ ಅಕ್ಕನನ್ನು ನೆನೆಸಿಕೊಳ್ಳೋಣ. ಶಿರಹಟ್ಟಿ ಕಡೆಯ ಹಳ್ಳಿಯಾಕೆ. ದಿನಾ ಬಸ್ಸು ಹಿಡಿದು ಹೊಲಿಗೆ ಕಾರ್ಖಾನೆಗೆ ಹೋಗುತ್ತಾಳೆ. ಕೆಲಸ ಚೆನ್ನಾಗಿ ಬರುತ್ತದೆ. ಆದರೆ ಹೊಸ ಸೂಪರ್‌ವೈಜರ ಬಂದ ಮೇಲೆ ದಿನಾ ಬೈಗುಳ. ಎಲ್ಲರ ಮುಂದೆ ಹೊಲಿದ ಬಟ್ಟೆ ಮುಖಕ್ಕೆ ಎಸೆಯುತ್ತಾನೆ. ನೀರು ಕುಡಿಯಲು ಎದ್ದರೂ ಮಾತು. ಆರು ತಿಂಗಳು ಆಕೆ ಸಹಿಸಿಕೊಂಡಳು. ಆಮೇಲೆ ನಿದ್ದೆ ಹೋಯಿತು. ಊಟ ಸೇರಲಿಲ್ಲ. ಮುಂಜಾನೆ ಬಸ್ಸಿನ ಸಪ್ಪಳ ಕೇಳಿದರೆ ಎದೆ ಢವಢವ. ಮಿಷನ್ ಮುಂದೆ ಕುಳಿತರೆ ಕೈ ನಡುಕ.

"ನನಗ ದೆವ್ವ ಬಡದೈತಿ ಏನೋ" ಅಂದಳು ತಂಗಿಗೆ.

"ದೆವ್ವ ಅಲ್ಲ ಬಿಡ ಅಕ್ಕಾ, ನಿನಗ ದಣಿವಾಗೇತಿ. ದವಾಖಾನಿಗೆ ಹೋಗೋಣ ನಡಿ" ಅಂದಳು ತಂಗಿ.

ಅಷ್ಟರಲ್ಲಿ ಕಾರ್ಖಾನೆಯ ಗುಮಾಸ್ತ ಒಂದು ಕಾಗದ ತಂದ. "ಹುಷಾರಿಲ್ಲಂದ್ರ ಇಲ್ಲಿ ಸಹಿ ಮಾಡು, ಮನ್ಯಾಗ ಆರಾಮ ಇರು" ಅಂದ. ಆಕೆ ಆಗಷ್ಟೇ ಓದಲು ಕಲಿತಿದ್ದಳು. ನಿಧಾನವಾಗಿ ಕೂಡಿಸಿ ಓದಿದಳು. "ನಾನು ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ" ಅಂತ ಬರೆದಿತ್ತು. ರಜೆಯ ಮಾತೇ ಅದರಲ್ಲಿ ಇರಲಿಲ್ಲ. ಆಕೆ ಸಹಿ ಮಾಡಲಿಲ್ಲ.

ಆಕೆ ಮಾಡಿದ್ದು ಸರಿ. ರಾಜೀನಾಮೆ ಬೇರೆ, ರಜೆ ಬೇರೆ. ರಾಜೀನಾಮೆ ಕೊಟ್ಟರೆ ಕೆಲಸ ಹೋಯಿತು. ರಜೆ ಹಾಕಿದರೆ ಕೆಲಸ ಇರುತ್ತದೆ. ಖಾಲಿ ಕಾಗದಕ್ಕಂತೂ ಹೆಬ್ಬೆಟ್ಟನ್ನೂ ಒತ್ತಬಾರದು.

ಇದು ಕಾಯಿಲೆಯೇ?

ಹೌದು. ಒಂದೇ ಸಮನೆ ಹಿಂಸೆ ಕೊಟ್ಟರೆ ಯಾರಿಗಾದರೂ ಮನಸ್ಸು ಕೆಡುತ್ತದೆ. ಅದು ಹೇಡಿತನ ಅಲ್ಲ, ಹುಚ್ಚೂ ಅಲ್ಲ. ಔಷಧಿ ಉಂಟು, ಸಮಾಧಾನದ ಮಾತುಕತೆಯೂ ಉಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಚಿಕಿತ್ಸೆ ಕೊಡುವಾಗ ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಗೆ ಸಮನಾಗಿ ನೋಡಬೇಕು ಅಂತ ಅದು ಹೇಳುತ್ತದೆ. ನಿಮ್ಮ ಕಾಯಿಲೆಯ ವಿಷಯವನ್ನು ಡಾಕ್ಟರು ಗುಟ್ಟಾಗಿ ಇಡಬೇಕು ಅಂತಲೂ ಹೇಳುತ್ತದೆ.

ಈ ವಿಷಯದಲ್ಲಿ ನಮ್ಮ ಸೀಮೆ ಹಿಂದೆ ಬಿದ್ದಿಲ್ಲ. ಮುಂಡರಗಿಯವರು ತುಂಗಭದ್ರೆ ದಾಟಿದರೆ ಹೂವಿನಹಡಗಲಿ. ಆ ತಾಲ್ಲೂಕು ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿತು. ಹಳ್ಳಿ ಕಡೆಯ ಸರಕಾರಿ ಆಸ್ಪತ್ರೆಗಳ ಡಾಕ್ಟರಿಗೂ ದಾದಿಯರಿಗೂ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಿದರು. ಮುಂದೆ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ ಆಯಿತು. ಈಗ ಗದಗದ ಜಿಮ್ಸ್ ಆಸ್ಪತ್ರೆಗೆ ಹೋಗಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತ ತಾಲ್ಲೂಕು ಆಸ್ಪತ್ರೆಯಲ್ಲೇ ಕೇಳಬಹುದು. ಮನೆಯಿಂದಲೇ ಮಾತಾಡಬೇಕೆಂದರೆ 14416ಕ್ಕೆ ಫೋನು ಮಾಡಿ. ಇದು ಟೆಲಿ-ಮಾನಸ್. 2022ರಲ್ಲಿ ಶುರುವಾಯಿತು. ದುಡ್ಡು ಇಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ.

ರಜೆಯಲ್ಲಿ ಪಗಾರ ಸಿಗುತ್ತದೆಯೇ?

ಇದೇ ದೊಡ್ಡ ಪ್ರಶ್ನೆ. ಮನೆಯ ಒಲೆ ಉರಿಯಬೇಕಲ್ಲ.

ಮೊದಲು ಪಗಾರದ ಚೀಟಿ ನೋಡಿ. ಅದರಲ್ಲಿ ಇ.ಎಸ್.ಐ. ಅಂತ ಹಣ ಮುರಿದಿದ್ದಾರೆಯೇ? ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಈ ವಿಮೆ ಇದೆ. ತಿಂಗಳಿಗೆ 12,000 ರೂಪಾಯಿ ಪಗಾರ ಅಂದುಕೊಳ್ಳಿ. ನಿಮ್ಮ ಕಡೆಯಿಂದ 90 ರೂಪಾಯಿ ಮುರಿಯುತ್ತಾರೆ. ಮಾಲಕರು 390 ರೂಪಾಯಿ ಸೇರಿಸಿ ಕಟ್ಟಬೇಕು. ಇದು ನಿಮ್ಮ ದುಡಿಮೆಯ ಹಣ. ಕಾಯಿಲೆ ಭತ್ಯೆ ಕೇಳುವಾಗ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ.

ಡಾಕ್ಟರು ವಿಶ್ರಾಂತಿ ಬರೆದುಕೊಟ್ಟರೆ ದಿನದ ಸರಾಸರಿ ಕೂಲಿಯ ನೂರಕ್ಕೆ 70 ಪಾಲು ಸಿಗುತ್ತದೆ. ದಿನಕ್ಕೆ 400 ರೂಪಾಯಿ ಕೂಲಿ ಇದ್ದರೆ 280 ರೂಪಾಯಿ. ವರ್ಷಕ್ಕೆ ಹೆಚ್ಚೆಂದರೆ 91 ದಿನ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣ ಇಲ್ಲ. ಇನ್ನೊಂದು ಷರತ್ತು ಇದೆ. ಆರು ತಿಂಗಳ ಲೆಕ್ಕದ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು. ಡಾಕ್ಟರ ಚೀಟಿ ಇ.ಎಸ್.ಐ. ದವಾಖಾನೆಯಿಂದ ಅಥವಾ ಅವರು ಗೊತ್ತು ಮಾಡಿದ ಡಾಕ್ಟರಿಂದಲೇ ಬಂದರೆ ಚಲೋ. ಬೇರೆ ಚೀಟಿ ಹಿಡಿದು ಹೋದರೆ ತಕರಾರು ಏಳಬಹುದು.

ಹಣ ಮುರಿದರೂ ಮಾಲಕರು ಕಟ್ಟದೇ ಇರುವುದುಂಟು. ಹಾಗಾಗಿ ಕೆಲಸಕ್ಕೆ ಸೇರಿದಾಗಲೇ ವಿಮಾ ನಂಬರು ಕೇಳಿ ಬರೆದಿಟ್ಟುಕೊಳ್ಳಿ.

1948ರ ಇ.ಎಸ್.ಐ. ಕಾಯ್ದೆಯ 73ನೇ ಕಲಮು ಗಟ್ಟಿಯಾಗಿತ್ತು. ಕಾಯಿಲೆ ಭತ್ಯೆ ಪಡೆಯುವ ದಿನಗಳಲ್ಲಿ ಕೆಲಸದಿಂದ ತೆಗೆಯಬಾರದು, ಶಿಕ್ಷೆ ಕೊಡಬಾರದು ಅಂತ ಅದು ಹೇಳುತ್ತಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆದ ನೋಟೀಸು ಬಂದರೆ ಸುಮ್ಮನೆ ಕೂಡಬೇಡಿ. ಲಕೋಟೆ ಸಮೇತ ಗದಗದ ಕಾರ್ಮಿಕ ಇಲಾಖೆ ಕಚೇರಿಗೆ ಒಯ್ಯಿರಿ.

ಪಟ್ಟಣದ ಅಂಗಡಿಯಲ್ಲಿ ದುಡಿಯುವವರಿಗೆ 1961ರ ಕರ್ನಾಟಕ ಅಂಗಡಿಗಳ ಕಾಯ್ದೆ ಇದೆ. ಕಾಯಿಲೆಗೆ ವರ್ಷಕ್ಕೆ ಹೆಚ್ಚೆಂದರೆ 12 ದಿನ ಪಗಾರ ಸಹಿತ ರಜೆ. ಆದರೆ ಬೆಟಗೇರಿಯಲ್ಲಿ ಮನೆಯಲ್ಲೇ ಮಗ್ಗ ನೇಯುವವರಿಗೆ, ಹೊಲದ ಕೂಲಿಯವರಿಗೆ ಇಂಥ ರಜೆ ಇಲ್ಲ. ಇದು ಕಾಯ್ದೆಯಲ್ಲಿ ಉಳಿದ ದೊಡ್ಡ ತೂತು ಅಂತ ನಾವು ಹೇಳಲೇಬೇಕು.

ಹಿಂಸೆ ಕೊಟ್ಟವರಿಗೆ ಏನೂ ಇಲ್ಲವೇ?

ಕೆಲಸದ ಜಾಗದ ಎಲ್ಲ ಬೈಗುಳಕ್ಕೂ ಸೇರಿ ನಮ್ಮ ದೇಶದಲ್ಲಿ ಒಂದು ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಹಿಂಸೆ ಎಂಥದು ಅಂತ ನೋಡಿದರೆ ದಾರಿ ಸಿಗುತ್ತದೆ.

ಜಾತಿ ಹಿಡಿದು ನಾಲ್ಕು ಜನರ ಮುಂದೆ ಪರಿಶಿಷ್ಟ ಜಾತಿ, ಪಂಗಡದವರನ್ನು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಪೊಲೀಸರು ದೂರು ಬರೆದುಕೊಳ್ಳಬೇಕು.

ಹೆಣ್ಣುಮಕ್ಕಳ ಮೈ ಮುಟ್ಟುವುದು, ಹೊಲಸು ಮಾತು, "ನಾ ಹೇಳಿದ್ಹಂಗ ಕೇಳಿದ್ರ ಹಗುರ ಕೆಲಸ ಕೊಡ್ತೀನಿ" ಅನ್ನುವುದು, ಇದಕ್ಕೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಒಳಗೇ ಒಂದು ಸಮಿತಿ ಇರಬೇಕು. ಚಿಕ್ಕ ಜಾಗದವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮಾಲಕನೇ ತಪ್ಪು ಮಾಡಿದ್ದರೂ ಅಲ್ಲಿಗೇ ಹೋಗಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಬರೆಯಲು ಬಾರದಿದ್ದರೆ ಸಮಿತಿಯವರೇ ಬರೆಯಲು ಸಹಾಯ ಮಾಡಬೇಕು. ಇದು ಕಾಯ್ದೆಯಲ್ಲೇ ಇದೆ. ಮನಸ್ಸು ತೀರ ಕೆಟ್ಟು ಆಕೆಗೆ ದೂರು ಕೊಡಲು ಆಗದಿದ್ದರೆ ಮನೆಯವರು, ಗೆಳತಿಯರು ಆಕೆಯ ಪರವಾಗಿ ಕೊಡಬಹುದು.

ವಿಚಾರಣೆ ನಡೆಯುವಾಗ ಆಕೆ ಬರೆದು ಕೇಳಿದರೆ ಮೂರು ತಿಂಗಳವರೆಗೆ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು. ಈ ರಜೆ ಉಳಿದ ರಜೆಯ ಲೆಕ್ಕದಲ್ಲಿ ಸೇರುವುದಿಲ್ಲ. ತಪ್ಪು ಸಾಬೀತಾಗಿ ಪರಿಹಾರ ಗೊತ್ತುಮಾಡುವಾಗ ಮನಸ್ಸಿಗೆ ಆದ ನೋವನ್ನೂ ದವಾಖಾನೆ ಖರ್ಚನ್ನೂ ಲೆಕ್ಕ ಹಿಡಿಯಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಾರ್ಖಾನೆ ಕಾರ್ಮಿಕರಿಗೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಫೋನು ನಂಬರು 15100.

ಇನ್ನು ಒಂದು ಕೆಲಸ ನಮ್ಮ ಕೈಯಲ್ಲೇ ಇದೆ. ಒಂದು ನೋಟುಬುಕ್ಕು ಸಾಕು. ಯಾವ ತಾರೀಖು, ಎಷ್ಟು ಗಂಟೆಗೆ, ಯಾರು ಏನಂದರು, ಯಾರು ಕೇಳಿಸಿಕೊಂಡರು, ಅಂದೇ ಬರೆದಿಡಿ. ತಪ್ಪಿಲ್ಲದೆ ಬರೆಯಬೇಕು ಅಂತ ಏನಿಲ್ಲ. ತಾರೀಖು ಮಾತ್ರ ಸರಿ ಇರಲಿ. ರಜೆ ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ಮುಟ್ಟಿದೆ" ಅಂತ ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ ಮಾಡಿ. ಹೇಳದೆ ಕೇಳದೆ ಮನೆಯಲ್ಲಿ ಕೂತರೆ "ತಾನೇ ಕೆಲಸ ಬಿಟ್ಟಳು" ಅಂತ ಬರೆದುಕೊಳ್ಳುತ್ತಾರೆ.

ಆ ಅಕ್ಕ ಬರೆಯಬಹುದಾದ ಅರ್ಜಿ ಇಲ್ಲಿದೆ. ಓದಿ. ಆಮೇಲೆ ನಿಮ್ಮ ಹೆಸರು, ನಿಮ್ಮ ಊರು ಹಾಕಿ ಪುಸ್ತಕದಲ್ಲಿ ಬರೆಯಿರಿ.

ಮ್ಯಾನೇಜರ ಸಾಹೇಬರಿಗೆ,

ನನಗೆ ಆರೋಗ್ಯ ಸರಿ ಇಲ್ಲ. ಡಾಕ್ಟರು 15 ದಿನ ವಿಶ್ರಾಂತಿ ಬರೆದಿದ್ದಾರೆ. ಚೀಟಿಯ ನಕಲು ಲಗತ್ತಿಸಿದ್ದೇನೆ. ಇಂದಿನಿಂದ 15 ದಿನ ಕಾಯಿಲೆ ರಜೆ ಕೊಡಬೇಕು. ನಾನು ಕೆಲಸ ಬಿಟ್ಟಿಲ್ಲ. ರಜೆ ಮುಗಿದ ಮೇಲೆ ಕೆಲಸಕ್ಕೆ ಬರುತ್ತೇನೆ.

ತಾರೀಖು:
ಊರು:
ಸಹಿ: