ಬಿದ್ದ ಕೊಂಬೆಯಿಂದ ವ್ಯಾಯಾಮದ ಮುದ್ಗರ

ದೇಹಸಾಧನೆಯನ್ನು ಕಡೆಗಣಿಸಿದ ವಿದ್ಯೆ ಅಪೂರ್ಣವೆಂಬ ಅರಿವು ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಯ ವಿವರವಿದೆ. ಭಾರತದ ಗರಡಿಮನೆಗಳ ಮರದ ಮುದ್ಗರವನ್ನು 19ನೆಯ ಶತಮಾನದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಮೆಚ್ಚಿ ತಮ್ಮ ನಾಡಿಗೆ ಒಯ್ದರು; 1904 ಮತ್ತು 1932ರ ಒಲಿಂಪಿಕ್ ಕ್ರೀಡೆಗಳಲ್ಲಿ ಅದನ್ನು ಬೀಸುವ ಸ್ಪರ್ಧೆಯೂ ನಡೆಯಿತು.

ಈ ಸಾಧನವನ್ನು ಮರ ಕಡಿಯದೆ, ಗಾಳಿಗೆ ಬಿದ್ದ ಕೊಂಬೆಯಿಂದ ಶಾಲೆಯಲ್ಲಿಯೇ ಸಿದ್ಧಪಡಿಸಬಹುದು. ಆದರೆ ಬಿರುಕುಬಿಟ್ಟ ಮುದ್ಗರ ಬೀಸುವಾಗ ಮುರಿದರೆ ಬಳಿಯಲ್ಲಿ ನಿಂತ ವಿದ್ಯಾರ್ಥಿಗೆ ಅಪಾಯ. ಆದ್ದರಿಂದ ಮರದ ಸ್ವಭಾವವನ್ನು ಅರಿಯುವುದೇ ಇಲ್ಲಿನ ಮೊದಲ ಪಾಠ.

ಆಯ್ಕೆ: ಜಾಲಿ, ಹುಣಸೆ ಗಟ್ಟಿಯಾದ, ಭಾರವಾದ ಮರಗಳು, ಬೇವು ತುಸು ಹಗುರ, ಕಿರಿಯರಿಗೆ ತಕ್ಕುದು. ತಟ್ಟಿದಾಗ ಬೊದ್ದು ಸದ್ದು ಬಂದರೆ ಒಳಗೆ ಕೊಳೆತಿರುವ ಶಂಕೆಯುಂಟು. ಅಡ್ಡಲಾಗಿ ಚಾಚಿದ ಕೊಂಬೆಯು ತನ್ನ ಭಾರವನ್ನು ತಾಳಲು ಒಂದು ಪಕ್ಕದಲ್ಲಿ ಬೇರೆ ಬಗೆಯ ಮರವನ್ನು ಬೆಳೆಸಿಕೊಳ್ಳುವುದರಿಂದ ಒಣಗಿದಾಗ ಸೊಟ್ಟಗಾಗುತ್ತದೆ. ನೆಟ್ಟಗೆ ಬೆಳೆದ, ಗಂಟಿಲ್ಲದ ಭಾಗವೇ ಉತ್ತಮ.

ಒಣಗಿಸುವಿಕೆ: ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಕುಗ್ಗುವುದಕ್ಕಿಂತ ಬೆಳವಣಿಗೆಯ ಬಳೆಗಳ ಗುಂಟ ಮರವು ಸುಮಾರು ಎರಡು ಪಟ್ಟು ಕುಗ್ಗುತ್ತದೆ. ತಿರುಳುಳ್ಳ ದುಂಡು ಕೊಂಬೆ ಸೀಳುವುದಕ್ಕೆ ಇದೇ ಕಾರಣ. ದಪ್ಪ ಕೊಂಬೆಯನ್ನು ತಿರುಳಿನ ಗುಂಟ ಎರಡಾಗಿ ಸೀಳಿ, ಹೋಳಿಗೊಂದರಂತೆ ಮುದ್ಗರ ಮಾಡಿದರೆ ಈ ದೋಷ ತಗ್ಗುತ್ತದೆ. ಜೋಡಿಯ ತೂಕವನ್ನು ಸರಿದೂಗಿಸುವುದೂ ಸುಲಭ. ತುದಿಗಳಿಂದ ನೀರು ಬೇಗ ಆರುವುದರಿಂದ ಅಲ್ಲಿ ಮೇಣ ಅಥವಾ ಸಗಣಿಯನ್ನು ಬಳಿದು, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಸ್ಥೂಲ ಲೆಕ್ಕ.

ರೂಪಣೆ: ಒಣಗಿದ ಹೋಳನ್ನು ಬಾಚಿಯಿಂದ ಕೆತ್ತಿ, ಅರದಿಂದ ಉಜ್ಜಿ, ಉಪ್ಪುಕಾಗದದಿಂದ ನಯಗೊಳಿಸಬೇಕು. ಉದ್ದ ಸುಮಾರು 50 ಸೆಂ.ಮೀ., ಹಿಡಿಯ ದಪ್ಪ 3 ಸೆಂ.ಮೀ. ಇರಲಿ. ಕೈಜಾರದಂತೆ ಹಿಡಿಯ ತುದಿಯಲ್ಲಿ ಗುಬುಟು ಉಳಿಸಬೇಕು. ಹೊಸಬರಿಗೆ ಒಂದು ಕಿಲೋಗ್ರಾಂ ತೂಕ ಸಾಕು. ಕೊನೆಗೆ ಅಗಸೆ ಎಣ್ಣೆ ಸವರುವುದು ಹಿತಕರ. ಪ್ರತಿದಿನ ಬಳಸುವ ಮುನ್ನ ಬಿರುಕಿದೆಯೇ ಎಂದು ನೋಡತಕ್ಕದ್ದು.

ಬಾಚಿ ಹಿಡಿದ ದುಡಿಮೆಯೂ ಪೂಜ್ಯವೆಂದು ಬಗೆದ ಪರಂಪರೆ ಶರಣರದು. ಬಾಚಿಕಾಯಕದ ಬಸವಯ್ಯನವರ ಹೆಸರಿನಲ್ಲಿಯೇ ಆ ಉಪಕರಣ ಉಳಿದುಬಂದಿದೆ. ಮರ ಒಣಗುವ ತನಕ ತಾಳ್ಮೆಯಿಂದ ಕಾದು, ತಾನೇ ಕೆತ್ತಿದ ಮುದ್ಗರವನ್ನು ಬೀಸುವ ವಿದ್ಯಾರ್ಥಿಗೆ ಕಾಯಕವೂ ವ್ಯಾಯಾಮವೂ ಒಂದೇ ಪಾಠವಾಗಿ ದೊರೆಯುತ್ತವೆ. ಅದಕ್ಕೆ ಶಾಲೆಯಲ್ಲಿ ಬೇಕಾದುದು ಒಂದು ನೆರಳಿನ ಮಾಡ, ನಾಲ್ಕು ಹತ್ಯಾರಗಳು ಮತ್ತು ಜೊತೆಯಲ್ಲಿ ನಿಂತು ಕಲಿಸುವ ಗುರುಗಳು.