ಟ್ಯಾಬ್ ಮುಚ್ಚಿದರೆ ಸಾಕೇ?

ಸಿಇಟಿ ಅರ್ಜಿ ತುಂಬುವ ದಿನಗಳಲ್ಲಿ ಜಯನಗರ, ಬನಶಂಕರಿಯ ಸೈಬರ್ ಸೆಂಟರ್‌ಗಳಲ್ಲಿ ಮಕ್ಕಳ ಪಕ್ಕ ಅಪ್ಪ-ಅಮ್ಮಂದಿರೂ ಕೂತಿರುತ್ತಾರೆ. ಕೆಲಸ ಮುಗಿಸಿ ಟ್ಯಾಬ್ ಮುಚ್ಚಿ ಎದ್ದರೆ ಮುಗಿಯಿತು ಎಂದು ಅನೇಕರ ನಂಬಿಕೆ. ಮುಗಿಯುವುದಿಲ್ಲ. ಬ್ರೌಸರ್ ಎಲ್ಲವನ್ನೂ ಒಂದೇ ಕಡೆ ಇಡುವುದಿಲ್ಲ. ಟ್ಯಾಬ್‌ನೊಂದಿಗೆ ಹೋಗುವುದು ಸ್ವಲ್ಪ ಮಾತ್ರ.

ಎಲ್ಲಕ್ಕಿಂತ ಹಳೆಯದು ಕುಕೀ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ರೂಪಿಸಿದ್ದು. ಒಂದೊಂದರ ಗಾತ್ರ ಸುಮಾರು 4 ಕೆಬಿ ಅಷ್ಟೇ. ಆದರೆ ನೀವು ಪುಟ ತೆರೆದಾಗಲೆಲ್ಲ ಅದು ಆ ಸೈಟ್‌ನ ಸರ್ವರ್‌ಗೆ ಹೋಗುತ್ತದೆ. ಲಾಗಿನ್ ಆದವರು ಯಾರೆಂದು ಸೈಟ್ ಗುರುತಿಸುವುದು ಬಹುತೇಕ ಇದರಿಂದಲೇ. ಕ್ರೋಮ್‌ನಲ್ಲಿ ಒಂದು ಕುಕೀ 400 ದಿನಗಳವರೆಗೂ ಉಳಿಯಬಹುದು. ಹಾಗಾಗಿ ಲಾಗೌಟ್ ಮಾಡದೆ ಎದ್ದರೆ, ಮುಂದೆ ಅಲ್ಲಿ ಕೂತವರಿಗೆ ನಿಮ್ಮ ಮಗಳ ಖಾತೆ ತೆರೆದೇ ಸಿಗಬಹುದು.

ಲೋಕಲ್ ಸ್ಟೋರೇಜ್‌ನಲ್ಲಿ ಸುಮಾರು 5 ಎಂಬಿ ಹಿಡಿಯುತ್ತದೆ. ಅದಕ್ಕೆ ಅವಧಿ ಇಲ್ಲ, ತಾನಾಗಿ ಸರ್ವರ್‌ಗೂ ಹೋಗುವುದಿಲ್ಲ. ಮಗ ಆಡುವ ಆಟದ ಲೆವೆಲ್ ಎಷ್ಟೋ ಬಾರಿ ಇಲ್ಲೇ ಇರುತ್ತದೆ. ಸೆಷನ್ ಸ್ಟೋರೇಜ್ ಮಾತ್ರ ಟ್ಯಾಬ್ ಮುಚ್ಚಿದೊಡನೆ ಖಾಲಿ. ಇಂಡೆಕ್ಸ್ಡ್‌ಡಿಬಿ ಇವೆಲ್ಲಕ್ಕಿಂತ ದೊಡ್ಡದು. ಮಳೆಗೆ ವೈಫೈ ಹೋದಾಗಲೂ ತೆರೆದುಕೊಳ್ಳುವ ಗೂಗಲ್ ಡಾಕ್ಸ್‌ನ ಬರಹ ಕೂತಿರುವುದು ಅದರಲ್ಲಿ.

ಲ್ಯಾಪ್‌ಟಾಪ್ ನಿಧಾನವಾಯಿತೆಂದು ಮನೆಯಲ್ಲಿ ಎಲ್ಲವನ್ನೂ ಅಳಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕ್ರೋಮ್‌ನಲ್ಲಿ ಕುಕೀ ಮತ್ತು ಸೈಟ್ ಡೇಟಾ ಎಂಬ ಗುರುತು ಹಾಕಿ ಅಳಿಸಿದರೆ ಮೇಲೆ ಹೇಳಿದ್ದೆಲ್ಲ ಒಟ್ಟಿಗೆ ಹೋಗುತ್ತದೆ. ಬ್ರೌಸರ್‌ನಲ್ಲೇ ಬರೆದು, ಖಾತೆಗೆ ಸೇವ್ ಆಗದ ಪ್ರಾಜೆಕ್ಟ್ ಕೂಡ. ಕ್ಯಾಶ್ ಬೇರೆ. ಅದರಲ್ಲಿರುವುದು ಚಿತ್ರ, ಪುಟಗಳ ನಕಲು, ಅಳಿಸಿದರೆ ಮತ್ತೆ ಇಳಿಯುತ್ತದೆ. ತೊಂದರೆ ಒಂದೇ ಸೈಟ್‌ನದಾದರೆ ಅದೊಂದರ ಡೇಟಾ ಮಾತ್ರ ಅಳಿಸಿ. ಆಪಲ್ ಬಳಸುವವರು ಇನ್ನೊಂದು ತಿಳಿದಿರಬೇಕು: ಸಫಾರಿ ಬಳಸಿದ ಏಳು ದಿನಗಳಲ್ಲಿ ಒಮ್ಮೆಯೂ ಮುಟ್ಟದ ಸೈಟ್‌ನ ಲೋಕಲ್ ಸ್ಟೋರೇಜನ್ನು 2020ರಿಂದ ಆ ಬ್ರೌಸರ್ ತಾನೇ ಅಳಿಸುತ್ತದೆ. ಮಗುವಿನ ಕೆಲಸ ಫೈಲ್ ಆಗಿಯೋ ಖಾತೆಯಲ್ಲೋ ಸೇವ್ ಆಗಿರಲಿ.

18 ವರ್ಷದೊಳಗಿನವರ ಜಾಡು ಹಿಡಿದು ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾನೂನು ಕಾಯಲಿ, ನೀವು ಮಕ್ಕಳಿಗೆ ಬ್ರೌಸರ್‌ನಲ್ಲಿ ಪ್ರತ್ಯೇಕ ಪ್ರೊಫೈಲ್ ಮಾಡಿಕೊಡಿ, ಬೇರೆ ಸೈಟ್‌ಗಳಿಂದ ನುಸುಳುವ ಥರ್ಡ್ ಪಾರ್ಟಿ ಕುಕೀಗಳನ್ನು ತಡೆಯಿರಿ.

ಸೈಬರ್ ಸೆಂಟರ್‌ನಲ್ಲಿ ಇನ್‌ಕಾಗ್ನಿಟೋ ವಿಂಡೋ ಬಳಸಿ, ಲಾಗೌಟ್ ಆಗಿ, ಆ ಬಗೆಯ ವಿಂಡೋಗಳನ್ನೆಲ್ಲ ಮುಚ್ಚಿ. ಪಾಸ್‌ವರ್ಡ್ ಸೇವ್ ಮಾಡಲೇ ಎಂದು ಕೇಳಿದರೆ ಬೇಡವೆನ್ನಿ. ಇಳಿಸಿಕೊಂಡ ಫೈಲ್‌ಗಳನ್ನು ಇನ್‌ಕಾಗ್ನಿಟೋ ಅಳಿಸುವುದಿಲ್ಲ. ಪ್ರಿಂಟ್‌ಗೆಂದು ಇಳಿಸಿದ ಆಧಾರ್, ಅಂಕಪಟ್ಟಿಯನ್ನು ಡೌನ್‌ಲೋಡ್ಸ್ ಫೋಲ್ಡರ್‌ನಿಂದಲೂ ರಿಸೈಕಲ್ ಬಿನ್‌ನಿಂದಲೂ ತೆಗೆದೇ ಕುರ್ಚಿ ಬಿಡಿ.