ದಿನದಿನದ ಪ್ರಾರ್ಥನೆಯ ವಾಡಿಕೆ



ಭಾಲ್ಕಿ ತಾಲೂಕಿನ ಸಾಯಗಾಂವದಂಥ ಊರಲ್ಲಿ ಮುಂಜಾನೆ ರೊಟ್ಟಿ ಬಡಿಯುವ ಸಪ್ಪಳವು ಮನೆಮನೆಯಿಂದ ಕೇಳಿಬರುವದು. ಹೋದ ಹಬ್ಬದಲ್ಲಿ ಹೊಟ್ಟೆತುಂಬ ಉಂಡಿದ್ದೇವೆ, ಇಂದು ಒಲೆ ಹೊತ್ತಿಸುವದು ಬೇಡ ಎಂದು ಹೇಳುವ ಮನೆ ಒಂದೂ ಇಲ್ಲ. ಆದರೆ ಆತ್ಮದ ಆಹಾರದ ವಿಷಯದಲ್ಲಿ ನಮ್ಮಲ್ಲಿ ಅನೇಕರು ಹಾಗೆಯೇ ಹೇಳುತ್ತಿದ್ದೇವೆ. ಕ್ರಿಸ್ಮಸ್ಸಿಗೆ ಒಮ್ಮೆ, ಜಾತ್ರೆಗೆ ಒಮ್ಮೆ, ಬೋಧಕರು ಊರಿಗೆ ಬಂದಾಗ ಒಮ್ಮೆ ಉಂಡು, ಉಳಿದ ದಿನಗಳೆಲ್ಲಾ ಉಪವಾಸವಿರುತ್ತೇವೆ.

ಜಾತ್ರೆಯನ್ನು ನಾವು ಹಳಿಯುವವರಲ್ಲ. ವಿಕಾರಾಬಾದಿನ ಹತ್ತಿರದ ಧಾರೂರಿನಲ್ಲಿ 1923ರಿಂದ ನಡೆದುಬಂದಿರುವ ಮೆಥಡಿಸ್ಟ್ ಕ್ರೈಸ್ತ ಜಾತ್ರೆಯು ಎಷ್ಟೋ ಮಂದಿಯ ಮನಸ್ಸನ್ನು ಎಚ್ಚರಿಸಿದೆ. ನವೆಂಬರದ ಚಳಿಯಲ್ಲಿ ಸಾವಿರಾರು ಜನರು ಕೂಡಿ ಹಾಡುವದನ್ನು ಕೇಳಿದವನು ಅದನ್ನು ಮರೆಯನು. ಆದರೆ ಜಾತ್ರೆಯಿಂದ ತಿರುಗಿ ಬಂದ ಎಂಟನೆಯ ದಿನ ನಮ್ಮ ಮನೆಯಲ್ಲಿ ಏನು ನಡೆಯುತ್ತದೆ? ಇದೇ ನಾವು ಕೇಳಿಕೊಳ್ಳತಕ್ಕ ಪ್ರಶ್ನೆ.

ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ದೊರೆತ ಮನ್ನವು ಒಂದು ದಿನದ ಪಾಲಾಗಿ ದೊರೆಯಿತು. ನಾಳೆಗೆಂದು ಕೂಡಿಟ್ಟದ್ದು ಹುಳಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಪಾಲು. ನಮ್ಮ ಕರ್ತನು ಸಹ ಸಬ್ಬತ್ ದಿನದಲ್ಲಿ ಸಭಾಮಂದಿರಕ್ಕೆ ಹೋದದ್ದು ತನ್ನ ವಾಡಿಕೆಯಂತೆಯೇ ಎಂದು ಲೂಕನು ಬರೆದಿದ್ದಾನೆ. ದೇವಕುಮಾರನಿಗೇ ವಾಡಿಕೆಯು ಬೇಕಾಗಿದ್ದರೆ, ನಮಗೆ ಅದು ಬೇಡವೆಂದು ಹೇಳುವದು ಹೇಗೆ?

ಈ ಸೀಮೆಯಲ್ಲಿ ನಮ್ಮವರಲ್ಲಿ ಅನೇಕರು ಮೆಥಡಿಸ್ಟರೆಂದು ಹೆಸರುಳ್ಳವರು. ಆ ಹೆಸರು ಮೊದಲು ಗೌರವದ ಹೆಸರಾಗಿರಲಿಲ್ಲ. 1729ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಕೆಲವು ವಿದ್ಯಾರ್ಥಿಗಳು ಕೂಡಿ ವೇದವನ್ನು ಓದುವದಕ್ಕೂ ಪ್ರಾರ್ಥಿಸುವದಕ್ಕೂ ಸೆರೆಮನೆಯವರನ್ನು ನೋಡುವದಕ್ಕೂ ಗೊತ್ತಾದ ಹೊತ್ತುಗಳನ್ನು ಇಟ್ಟುಕೊಂಡರು. ಮಿಕ್ಕವರು ಅದನ್ನು ಕಂಡು, ಇವರು ಕ್ರಮದವರು, ಪದ್ಧತಿಯವರು ಎಂದು ಪರಿಹಾಸ್ಯಮಾಡಿದರು. ಪರಿಹಾಸ್ಯದ ಹೆಸರೇ ಸಭೆಯ ಹೆಸರಾಯಿತು. ಆ ಗುಂಪಿನ ಮುಖಂಡನಾಗಿದ್ದ ಜಾನ್ ವೆಸ್ಲಿಯು 1791ರಲ್ಲಿ ತನ್ನ 87ನೆಯ ವಯಸ್ಸಿನಲ್ಲಿ ತೀರಿಕೊಂಡನು. ಬೆಳಗಿನ ನಾಲ್ಕು ಘಂಟೆಗೆ ಏಳುವ ವಾಡಿಕೆಯನ್ನು ಅವನು ಎಷ್ಟೋ ವರುಷಗಳ ವರೆಗೆ ನಡಿಸಿದನು. ಕ್ರಮವಿಲ್ಲದ ಕ್ರಮದವರೆಂದು ಅನ್ನಿಸಿಕೊಳ್ಳುವದು ನಮಗೆ ನಾಚಿಕೆಯ ಸಂಗತಿಯೇ ಸರಿ.

ಅವನ ತಾಯಿಯಾದ ಸುಸನ್ನಳನ್ನು ನಮ್ಮ ತಾಯಂದಿರು ವಿಶೇಷವಾಗಿ ನೆನಸಬೇಕು. ಆಕೆ ಹೆತ್ತ ಮಕ್ಕಳು 19. ಉಳಿದವರು ಸುಮಾರು ಹತ್ತು ಮಂದಿ. ಮನೆಯಲ್ಲಿ ಸಾಲವೂ ಕೊರತೆಯೂ ಇದ್ದವು. ಹೀಗಿದ್ದರೂ ವಾರದ ಒಂದೊಂದು ಸಂಜೆಯನ್ನು ಒಂದೊಂದು ಮಗುವಿಗೆ ಎಂದು ಗೊತ್ತುಮಾಡಿ, ಆ ಮಗುವಿನೊಂದಿಗೆ ದೇವರ ವಿಷಯವಾಗಿ ಮಾತನಾಡುತ್ತಿದ್ದಳು. ಜಾನನ ಪಾಲಿಗೆ ಬಂದದ್ದು ಗುರುವಾರ. ದೊಡ್ಡವನಾದ ಮೇಲೆಯೂ ಅವನು ಆ ಗುರುವಾರವನ್ನು ಮರೆಯಲಿಲ್ಲ.

ನಮ್ಮ ತಪ್ಪನ್ನೂ ಇಲ್ಲಿ ಅರಿಕೆಮಾಡುತ್ತೇವೆ. ಹೊಸ ವರುಷದ ರಾತ್ರಿಯ ಆರಾಧನೆಯಲ್ಲಿ, ದಿನಕ್ಕೆ ಒಂದು ತಾಸು ಪ್ರಾರ್ಥಿಸುವೆವೆಂದು ನಾವು ಒಮ್ಮೆ ಹರಕೆ ಹೊತ್ತೆವು. ತೊಗರಿಯ ರಾಶಿಯ ಕಾಲ ಬಂತು. ಎರಡು ದಿನ ತಪ್ಪಿತು. ಮೂರನೆಯ ದಿನ ನಾಚಿಕೆಯಿಂದ ಮೊಣಕಾಲೂರಲಿಲ್ಲ. ಆಮೇಲೆ ಈಸ್ಟರಿನ ವರೆಗೂ ಬೈಬಲಿನ ಮೇಲೆ ಧೂಳು ಕೂತಿತು. ಆ ಎರಡು ದಿನಗಳ ತಪ್ಪಿಗಿಂತ ಮೂರನೆಯ ದಿನದ ನಾಚಿಕೆಯೇ ನಮ್ಮನ್ನು ಹೆಚ್ಚಾಗಿ ಕೆಡಿಸಿತು. ಒಂದು ಹೊತ್ತು ಊಟ ತಪ್ಪಿದವನು ಮುಂದಿನ ಹೊತ್ತು ಹೆಚ್ಚು ಹಸಿವಿನಿಂದ ಕೂಡ್ರುವನೇ ಹೊರತು, ಇನ್ನು ಉಣ್ಣುವದೇ ಇಲ್ಲವೆಂದು ಎದ್ದುಹೋಗುವನೋ?

ಆದಕಾರಣ ದೊಡ್ಡ ಹರಕೆ ಬೇಡ. ಗಡಿಯಾರದ ಹೊತ್ತೂ ಒಕ್ಕಲಿಗನಿಗೆ ನಿಲ್ಲದು. ಬಿತ್ತನೆಯಲ್ಲಿ ಒಂದು ಹೊತ್ತು, ರಾಶಿಯಲ್ಲಿ ಒಂದು ಹೊತ್ತು. ಪ್ರತಿದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಪ್ರಾರ್ಥನೆಯನ್ನು ಕಟ್ಟಿರಿ. ಸಂಜೆ ದೀಪ ಹಚ್ಚಿದ ಕೂಡಲೇ, ಇಲ್ಲವೆ ತಾಟು ಹಾಕುವದಕ್ಕೆ ಮುಂಚೆ. ಇಷ್ಟಲಿಂಗದ ಪೂಜೆಯಾಗದೆ ಬಾಯಿಗೆ ನೀರು ಹಾಕದ ನೆರೆಯವರೂ, ಹೊಲದಲ್ಲಿಯೇ ವಸ್ತ್ರ ಹಾಸಿ ನಮಾಜು ಮಾಡುವ ನೆರೆಯವರೂ ನಮ್ಮ ಬೀದರ ಸೀಮೆಯಲ್ಲಿ ಇದ್ದಾರೆ. ಅವರ ನಿಷ್ಠೆಯನ್ನು ನೋಡಿ ನಾವು ಕಲಿಯುವದರಲ್ಲಿ ತಪ್ಪೇನೂ ಇಲ್ಲ. ಮುಂಜಾನೆ ಕಣ್ಣು ತೆರೆದ ಕೂಡಲೇ ಮೊಬೈಲು ಕೈಗೆ ಬರುವ ವಾಡಿಕೆಯನ್ನು ನಮಗೆ ಯಾರೂ ಕಲಿಸಲಿಲ್ಲ. ಅದು ಹೇಗೆ ಬೇರೂರಿತೋ ಇದೂ ಹಾಗೆಯೇ ಬೇರೂರುವದು.

ಓದಲು ಬಾರದವರು ಏನು ಮಾಡಬೇಕು? ಶಾಲೆಗೆ ಹೋಗುವ ಮಗುವು ಓದಲಿ, ಅಜ್ಜಿಯು ಪ್ರಾರ್ಥಿಸಲಿ. ಮನೆಮಾತು ಕನ್ನಡವಾಗಲಿ ಮರಾಠಿಯಾಗಲಿ, ಅಳುವಾಗ ಬಾಯಿಗೆ ಬರುವ ಮಾತಿನಲ್ಲಿಯೇ ಪ್ರಾರ್ಥಿಸಿರಿ.

ಈ ಕೆಲಸವನ್ನು ಬೋಧಕರ ಮೇಲೆ ಹಾಕಬೇಡಿರಿ. ಅವರಿಗೆ ಎಷ್ಟೋ ಊರುಗಳುಂಟು. ಅಲ್ಲದೆ ನಮ್ಮ ಮಕ್ಕಳು ಕೂಲಿಗೂ ಓದಿಗೂ ಹೈದರಾಬಾದಿಗೆ, ಪುಣೆಗೆ ಹೋಗುತ್ತಾರೆ. ಹೋಗುವಾಗ ಊರಿನ ಗುಡಿಯನ್ನೂ ಬೋಧಕರನ್ನೂ ಚೀಲದಲ್ಲಿ ಕಟ್ಟಿಕೊಂಡು ಹೋಗಲಾರರು. ಬಾಬೆಲಿಗೆ ಸೆರೆಹೋದ ದಾನಿಯೇಲನು ದಿನಕ್ಕೆ ಮೂರು ಸಾರಿ ಮೊಣಕಾಲೂರಿದನು. ರಾಜಾಜ್ಞೆ ಹೊರಟ ದಿನವೂ ಮುಂಚಿನಂತೆಯೇ ಊರಿದನು. ಸಿಂಹಗಳ ಗವಿಯ ಬಾಯಲ್ಲಿ ನಿಂತು ಅವನು ಹೊಸದಾಗಿ ಪ್ರಾರ್ಥನೆಯನ್ನು ಕಲಿಯಬೇಕಾಗಿರಲಿಲ್ಲ. ಬಾಡಿಗೆಯ ಕೋಣೆಯಲ್ಲಿ ಒಬ್ಬಂಟಿಯಾಗಿ ಜ್ವರದಿಂದ ಮಲಗಿದ ಮಗನಿಗೆ ನೆನಪಾಗುವದು ತಾನು ದಿನಾಲು ಕಂಡದ್ದೇ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನಾವು ಮಾರ್ಕನ ಸುವಾರ್ತೆಯನ್ನು ಹೇಳುತ್ತೇವೆ. ಅದು ನಾಲ್ಕರಲ್ಲಿ ಚಿಕ್ಕದು. ಅದರಲ್ಲಿ 16 ಅಧ್ಯಾಯಗಳುಂಟು. ಹಿಂಗಾರಿನ ಜೋಳವು ಹೊಲದಲ್ಲಿ ನಿಲ್ಲುವದು ಹತ್ತಿರ ಹತ್ತಿರ ನಾಲ್ಕು ತಿಂಗಳು. ಬಿತ್ತಿದ ದಿನ ಆರಂಭಿಸಿ ವಾರಕ್ಕೆ ಒಂದು ಅಧ್ಯಾಯದಂತೆ, ದಿನಕ್ಕೆ ಆರೇಳು ವಚನಗಳನ್ನು ಓದಿದರೆ, ತೆನೆ ಕೊಯ್ಯುವ ಹೊತ್ತಿಗೆ ಪುಸ್ತಕ ಮುಗಿಯುವದು. ನಡುವೆ ದಿನಗಳು ತಪ್ಪಿದರೆ ಹಿಂದಿನದನ್ನೆಲ್ಲಾ ಒಂದೇ ರಾತ್ರಿಯಲ್ಲಿ ಓದಿ ತೀರಿಸಲು ಹೋಗಬೇಡಿರಿ. ಎಲ್ಲಿ ನಿಂತಿತೋ ಆ ವಚನದ ಎದುರಿಗೆ ಒಂದು ಜೋಳದ ಸೋಗೆಯನ್ನು ಇಟ್ಟಿದ್ದರೆ, ಮರುದಿನ ದೀಪ ಹಚ್ಚಿದಾಗ ಅಲ್ಲಿಂದಲೇ ತೆರೆಯಿರಿ.